ಗೋಡೆ ಬದಿಯಲ್ಲಿ ಮಲಗಿದ್ದ ಪೆಲೆಟ್‌ಗಳು: ಒಂದು ವರ್ಸ್ಟರ್ ಮಷಿನ್ ರಿಪೇರಿ

ಎರಡು ಗಂಟೆ ಆಸಿಡ್‌ನಲ್ಲಿ ತಿರುಗಿದ ಪೆಲೆಟ್‌ಗಳನ್ನು, ಅಂದರೆ ಪುಟ್ಟ ಔಷಧಿ ಉಂಡೆಗಳನ್ನು, ಜರಡಿಗೆ ಸುರಿದು, ನೀರಲ್ಲಿ ತೊಳೆದು, ಪೆಟ್ರಿ ಡಿಶ್‌ನಲ್ಲಿ ಹರಡಿದೆ. 200 ಎಣಿಸಿದೆ. 177 ಬೆಳ್ಳಗಿದ್ದವು. 23 ಕಂದು ಬಣ್ಣಕ್ಕೆ ತಿರುಗಿದ್ದವು. ಅದರಲ್ಲಿ ಕೆಲವಕ್ಕೆ ನೇರಳೆ ಹಣ್ಣು ಹಿಸುಕಿದ ಬಣ್ಣ. ನಡುವಿನ ಬಣ್ಣದವು ಹುಡುಕಿದರೂ ಸಿಗಲಿಲ್ಲ.

ನಡುವಿನ ಬಣ್ಣ ಇಲ್ಲ ಅನ್ನುವುದರಲ್ಲೇ ಉತ್ತರ ಇತ್ತು. ನನಗೆ ಅದು ಗೊತ್ತಾಗುವುದಕ್ಕೆ ಮೂರು ವಾರ ಬೇಕಾಯಿತು.

ನಾನಿರುವುದು ಬೆಂಗಳೂರಿನ ಜಿಗಣಿ ಕಡೆಯ ಒಂದು ಪುಟ್ಟ ಫಾರ್ಮುಲೇಶನ್ ಲ್ಯಾಬಿನಲ್ಲಿ. ನಮ್ಮ ಮಷಿನ್ 7 ಇಂಚಿನ ವರ್ಸ್ಟರ್, ಪೆಲೆಟ್‌ಗಳನ್ನು ಗಾಳಿಯಲ್ಲಿ ತೇಲಿಸಿ ಅವುಗಳ ಮೇಲೆ ಕೋಟಿಂಗ್ ಸಿಂಪಡಿಸುವಂಥದ್ದು. ಒಂದು ಸಲಕ್ಕೆ ಒಂದೂವರೆ ಕೆಜಿ ಪೆಲೆಟ್ ಹಾಕುತ್ತೇವೆ. ಕೆಲಸ ಒಮೆಪ್ರಜೋಲ್‌ದು. ಗ್ಯಾಸ್ಟ್ರಿಕ್‌ಗೆ ಕೊಡುವ ಈ ಔಷಧಿಗೆ ಆಸಿಡ್ ಕಂಡರೆ ಆಗುವುದಿಲ್ಲ, ತಾಗಿದ ಕೂಡಲೇ ಕೆಟ್ಟು ಬಣ್ಣ ತಿರುಗುತ್ತದೆ. ಆದ್ದರಿಂದ ಅದನ್ನು ಹೊಟ್ಟೆ ದಾಟಿಸಿ ಕರುಳಿಗೆ ತಲುಪಿಸಬೇಕು. ಪುಟ್ಟ ಸಕ್ಕರೆ ಉಂಡೆಯ ಮೇಲೆ ಔಷಧಿಯ ಪದರ, ಅದರ ಮೇಲೆ ಎಚ್‌ಪಿಎಂಸಿ ಅನ್ನುವ ನೀರಲ್ಲಿ ಕರಗುವ ಪಾಲಿಮರಿನ ತೆಳು ಪದರ, ಕೊನೆಗೆ ಯುಡ್ರಾಜಿಟ್ ಎಲ್30ಡಿ-55 ಅನ್ನುವ ಪಾಲಿಮರಿನ ಪದರ. ಈ ಕೊನೆಯದು ಪಿಎಚ್ 5.5 ದಾಟಿದ ಮೇಲೇ ಕರಗುವುದು. ಅದು ತಾನೇ ಸ್ವಲ್ಪ ಹುಳಿ ಗುಣದ ಪಾಲಿಮರ್. ಔಷಧಿಗೆ ನೇರವಾಗಿ ತಾಗದಿರಲಿ ಅಂತಲೇ ಮಧ್ಯದ ಎಚ್‌ಪಿಎಂಸಿ.

ಟೆಸ್ಟ್ ಸರಳ. 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಎರಡು ಗಂಟೆ. ನಷ್ಟ ಶೇಕಡಾ 10 ಮೀರಬಾರದು. ಒಮೆಪ್ರಜೋಲ್ ಆಸಿಡ್‌ಗೆ ಬಂದ ತಕ್ಷಣ ಕೆಡುವುದರಿಂದ, ಪೆಲೆಟ್ ಒಳಗೆ ಎಷ್ಟು ಉಳಿದಿದೆ ಅಂತ ಅಳೆದು ನಷ್ಟ ಲೆಕ್ಕ ಹಾಕುತ್ತೇವೆ. ನಮ್ಮ ಆರು ಪಾತ್ರೆಗಳ ಸರಾಸರಿ ನಷ್ಟ ಶೇಕಡಾ 15 ಬಂತು.

ಮೊದಲ ಮೂರು ವಾರ

ನಾನು ಎಲ್ಲರೂ ಹೋಗುವ ದಾರಿಯಲ್ಲೇ ಹೋದೆ. ಕೋಟಿಂಗ್ ಸೋರುತ್ತಿದೆ ಅಂದರೆ ಕೋಟಿಂಗ್ ಜಾಸ್ತಿ ಮಾಡು. ಕೋಟಿಂಗಿನಿಂದ ಪೆಲೆಟ್‌ಗೆ ಸೇರುವ ತೂಕದ ಏರಿಕೆ ಶೇಕಡಾ 28 ಇತ್ತು, ಅದನ್ನು 35ಕ್ಕೆ ಒಯ್ದೆ. ಕಂದು ಪೆಲೆಟ್ 23ರಿಂದ 19ಕ್ಕೆ ಇಳಿಯಿತು, ಅಷ್ಟೇ. ಫಿಲ್ಮ್ ಸರಿಯಾಗಿ ಕೂಡಿಕೊಂಡಿಲ್ಲವೇನೋ ಅಂತ 40 ಡಿಗ್ರಿಯಲ್ಲಿ ಎರಡು ಗಂಟೆ ಬೆಚ್ಚಗಿಟ್ಟು ಕ್ಯೂರಿಂಗ್ ಕೊಟ್ಟೆ. ಏನೂ ಬದಲಾಗಲಿಲ್ಲ. ಸ್ಪ್ರೇ ವೇಗ ಇಳಿಸಿದೆ. ಫಿಲ್ಮನ್ನು ಮೆತ್ತಗಾಗಿಸುವ ಟ್ರೈಈಥೈಲ್ ಸಿಟ್ರೇಟ್ ಸ್ವಲ್ಪ ಏರಿಸಿದೆ. ಒಂದೊಂದು ಬ್ಯಾಚಿಗೂ ಸ್ಪ್ರೇಗೇ ನಾಲ್ಕು ಗಂಟೆ, ಮೇಲೆ ತೊಳೆಯುವ ಕೆಲಸ. ಹೀಗೆ ಮೂರು ವಾರ ಹೋಯಿತು.

ಒಂದು ಸಂಜೆ ಸುಮ್ನೆ ಕೂತು, ಟೆಸ್ಟಿಗೆ ಹಾಕದ 30 ಪೆಲೆಟ್‌ಗಳನ್ನು ಬ್ಲೇಡಿನಲ್ಲಿ ಸೀಳಿ ಮೈಕ್ರೋಸ್ಕೋಪಿನಡಿ ಇಟ್ಟೆ. 26 ಪೆಲೆಟ್‌ಗಳ ಹೊರಪದರ 40ರಿಂದ 50 ಮೈಕ್ರಾನ್ ಇತ್ತು. ನಮ್ಮ ಪೆಲೆಟ್ ಸುಮಾರು 1 ಮಿ.ಮೀ. ಆ ಲೆಕ್ಕಕ್ಕೆ ಅಷ್ಟೇ ಬರಬೇಕು. ಉಳಿದ ನಾಲ್ಕರಲ್ಲಿ 12ರಿಂದ 20 ಮೈಕ್ರಾನ್ ಅಷ್ಟೇ.

ಆಗ ಪೆಟ್ರಿ ಡಿಶ್ ನೆನಪಾಯಿತು. ಪಾಲಿಮರ್ ಮಿಶ್ರಣದಲ್ಲೋ ಉಷ್ಣತೆಯಲ್ಲೋ ತಪ್ಪಿದ್ದಿದ್ದರೆ 200ಕ್ಕೆ 200 ಪೆಲೆಟ್‌ಗಳೂ ಸ್ವಲ್ಪ ಸ್ವಲ್ಪ ಬಣ್ಣ ತಿರುಗಬೇಕಿತ್ತು. ಎಲ್ಲವೂ ನೆಂದದ್ದು ಒಂದೇ ದ್ರವದಲ್ಲಿ, ಒಣಗಿದ್ದು ಒಂದೇ ಗಾಳಿಯಲ್ಲಿ ಅಲ್ವಾ? ಹತ್ತರಲ್ಲಿ ಒಂಬತ್ತು ಪೂರ್ತಿ ಬೆಳ್ಳಗೆ, ಒಂದು ಪೂರ್ತಿ ಕಂದು ಅಂದರೆ, ಆ ಒಂದಕ್ಕೆ ಸ್ಪ್ರೇ ಮುಂದೆ ಹೋಗುವ ಸರದಿಯೇ ಬಂದಿಲ್ಲ.

ವರ್ಸ್ಟರ್‌ನಲ್ಲಿ ಸರದಿ ಹೇಗೆ ಬರುತ್ತದೆ ಅಂತ ಹೇಳಬೇಕು. ಬೌಲಿನ ತಳದಲ್ಲಿ ತೂತು ಕೊರೆದ ಪ್ಲೇಟ್ ಇರುತ್ತದೆ. ನಡುವಿನ ತೂತುಗಳು ದೊಡ್ಡವು, ಸುತ್ತಲಿನವು ಸಣ್ಣವು. ನಡುವಿನ ಭಾಗದ ಮೇಲೆ, ಪ್ಲೇಟಿಗೆ ತಾಗದ ಹಾಗೆ, ಒಂದು ಪೈಪು ನಿಂತಿರುತ್ತದೆ. ಅದನ್ನು ನಾವು ಕಾಲಮ್ ಅನ್ನುತ್ತೇವೆ. ಅದರ ಕೆಳಗೆ, ಸರಿ ನಡುವೆ, ಸ್ಪ್ರೇ ಗನ್ ಮೇಲ್ಮುಖವಾಗಿ ಕೂತಿರುತ್ತದೆ. ದೊಡ್ಡ ತೂತಿನ ಗಾಳಿ ಪೆಲೆಟ್‌ಗಳನ್ನು ಕಾಲಮ್ ಒಳಗೆ ಎತ್ತಿಕೊಂಡು ಹೋಗುತ್ತದೆ. ಹೋಗುವಾಗ ಹನಿ ತಾಗುತ್ತದೆ. ಮೇಲೆ ಕಾರಂಜಿಯ ಹಾಗೆ ಚಿಮ್ಮಿ ಹೊರಗಡೆ ಬೀಳುತ್ತವೆ. ಕಾಲಮ್ ಸುತ್ತಲಿನ ಪೆಲೆಟ್ ರಾಶಿಯಲ್ಲಿ, ಅಂದರೆ ಹೊರಗಿನ ಬೆಡ್ಡಿನಲ್ಲಿ, ಮೆಲ್ಲಗೆ ಕೆಳಗಿಳಿದು, ಕಾಲಮ್ ಕೆಳಗಿನ ಸಂದಿನಿಂದ ಮತ್ತೆ ಒಳಗೆ ಹೋಗುತ್ತವೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಡೇಲ್ ವರ್ಸ್ಟರ್ 1950ರ ದಶಕದಲ್ಲಿ ಗಾಳಿಯಲ್ಲಿ ತೇಲಿಸಿ ಕೋಟಿಂಗ್ ಮಾಡುವ ಈ ಉಪಾಯಕ್ಕೆ ರೂಪ ಕೊಟ್ಟವರು. ಇವತ್ತಿಗೂ ಮೂಲ ವಿನ್ಯಾಸ ಅದೇ. ನನಗೆ ಆ ವಿನ್ಯಾಸದ ಮೇಲೆ ತುಂಬ ಗೌರವ.

ಒಂದು ಸುತ್ತಿಗೆ 10 ಸೆಕೆಂಡು ಅಂದುಕೊಂಡರೂ ನಾಲ್ಕು ಗಂಟೆಯಲ್ಲಿ 1440 ಸುತ್ತು ಆಗುತ್ತದೆ. ಒಂದು ಸುತ್ತಿನಲ್ಲಿ ಹನಿ ಕಡಿಮೆ ಬಿದ್ದರೆ ಇನ್ನೊಂದರಲ್ಲಿ ಜಾಸ್ತಿ ಬೀಳುತ್ತದೆ. ಅಷ್ಟು ಸುತ್ತಿನಲ್ಲಿ ಅದೃಷ್ಟದ ಏರುಪೇರೆಲ್ಲ ಸವೆದು ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ ಪದರ ಬರುತ್ತದೆ. ಆದರೆ ಎಲ್ಲವೂ ಸುತ್ತುತ್ತಿರಬೇಕು. ಎಲ್ಲೋ ಒಂದು ಕಡೆ ಒಂದಿಷ್ಟು ನಿಂತುಬಿಟ್ಟರೆ ಯಾವ ಸರಾಸರಿಯೂ ಅವನ್ನು ಕಾಪಾಡುವುದಿಲ್ಲ.

ನಮ್ಮ ಆಪರೇಟರ್ ಅಣ್ಣನಿಗೆ ಈ ಲೆಕ್ಕ ಹೇಳಿದೆ. ಅವರು ಗಾಜಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ, "ಮೇಡಂ, ಆ ಕಡೆ ಮಲಗಿದೆ. ನಾನು ಎರಡು ಸಲ ಹೇಳ್ದೆ" ಅಂದರು. ಹೇಳಿದ್ದರು, ನಿಜ. ನಾನು ಆಗ ಸ್ಪ್ರೇ ಲೆಕ್ಕದಲ್ಲಿ ಮುಳುಗಿದ್ದೆ. ಅವರ ಹತ್ತಿರ ಕ್ಷಮೆ ಕೇಳಿದೆ.

ರಾಗಿಯ ಮಾದರಿ

ನಮ್ಮ ಬೌಲ್ ಸ್ಟೀಲಿನದು. ಕಿಟಕಿಯಲ್ಲಿ ಕಾಣುವುದು ಹೊರಗಿನ ಬೆಡ್ಡಿನ ಒಂದು ಪಟ್ಟಿ ಮತ್ತು ಮೇಲಿನ ಕಾರಂಜಿ. ಸಂದಿನಲ್ಲಿ ಏನಾಗುತ್ತಿದೆ ಅನ್ನುವುದು ಕಾಣುವುದಿಲ್ಲ. ನನಗೆ ಕಣ್ಣಲ್ಲಿ ನೋಡದೆ ಸಮಾಧಾನ ಇರಲಿಲ್ಲ. ಹಾಗಾಗಿ ಮನೆಯಲ್ಲೇ ಅರ್ಧ ಸೀಳಿದ ವರ್ಸ್ಟರ್ ಒಂದನ್ನು ಕಟ್ಟಲು ಹೊರಟೆ.

175 ಮಿ.ಮೀ. ಅಗಲದ ಅಕ್ರಿಲಿಕ್ ಪೈಪನ್ನು ಉದ್ದಕ್ಕೆ ಸೀಳಿಸಿದೆ. ಕಾಲಮ್‌ಗೆ 75 ಮಿ.ಮೀ. ಪೈಪು, ಅದೂ ಅರ್ಧ. ಎದುರಿಗೆ 6 ಮಿ.ಮೀ. ದಪ್ಪದ ಚಪ್ಪಟೆ ಹಾಳೆ. ಇದರ ಮೂಲಕ ನೋಡಿದರೆ ಕಾಲಮ್ ಒಳಗೆ, ಸಂದಿನಲ್ಲಿ, ಹೊರಗಿನ ಬೆಡ್ಡಿನಲ್ಲಿ ನಡೆಯುವುದು ಒಟ್ಟಿಗೇ ಕಾಣುತ್ತದೆ. ಪ್ಲೇಟಿಗೆ 2 ಮಿ.ಮೀ. ಅಲ್ಯೂಮಿನಿಯಂ ತಗಡು. ಕಾಲಮ್ ಕೆಳಗೆ 3 ಮಿ.ಮೀ. ತೂತು, ಹೊರಗೆ 1.2 ಮಿ.ಮೀ. ತೂತು. ಮೇಲೆ ಹಳೆಯ ರವೆ ಜರಡಿಯ ಬಲೆ ಕತ್ತರಿಸಿ ಹಾಕಿದೆ. ಗಾಳಿಗೆ ಹಳೆಯ ವ್ಯಾಕ್ಯೂಮ್ ಕ್ಲೀನರ್, ಅದರ ಊದುವ ಬದಿ. ಎಳೆಯುವ ಬದಿಗೆ ಒಂದು ಮುಚ್ಚಳ ಇಟ್ಟು, ಅದನ್ನು ಸರಿಸುತ್ತ ಗಾಳಿ ಹೆಚ್ಚು ಕಡಿಮೆ ಮಾಡಿಕೊಂಡೆ. ಕಾಳು ಹಾರಿಹೋಗದಂತೆ ಮೇಲೆ ಸೊಳ್ಳೆಪರದೆ ಬಟ್ಟೆ.

ಪೆಲೆಟ್ ಬದಲಿಗೆ ರಾಗಿ. ನಮ್ಮ ಪೆಲೆಟ್‌ಗಿಂತ ಸ್ವಲ್ಪ ದಪ್ಪ, ಆದರೆ ದುಂಡಗಿದೆ, ಸುಲಭವಾಗಿ ಉರುಳುತ್ತದೆ, ಕೈಗೆಟುಕುವ ಬೆಲೆಗೆ ಸಿಗುತ್ತದೆ. ಮುಕ್ಕಾಲು ಕೆಜಿ ತೊಳೆದು ಒಣಗಿಸಿದೆ. ಒಂದು ಹಿಡಿಯಷ್ಟನ್ನು ಬೇರೆ ತೆಗೆದು ಬಿಳಿ ಪೇಂಟ್ ಬಳಿದೆ. ಕೆಂಪು ರಾಗಿಯ ನಡುವೆ ಬಿಳಿ ಎದ್ದು ಕಾಣುತ್ತದೆ. ಅಮ್ಮ ಬಂದು, "ರಾಗಿಗೆ ಯಾಕೆ ಬಣ್ಣ ಬಳೀತಿದ್ದೀಯ?" ಅಂತ ಕೇಳಿದರು. ವಿವರಿಸಿದೆ. ಕೂತು ನೋಡಿದರು.

ಮೊದಲ ಸಲ ಹಾಕಿದಾಗ ಹೊರಗಿನ ಬೆಡ್ ಅನ್ನ ಕುದಿಯುವ ಹಾಗೆ ಕೊತಕೊತ ಅನ್ನುತ್ತಿತ್ತು. ಹೊರಗೆ ಗಾಳಿ ಜಾಸ್ತಿ. ಬೆಡ್ ಕುದಿಯಬಾರದು. ಸ್ವಲ್ಪ ಸಡಿಲಗೊಂಡು, ಮರಳು ಗಡಿಯಾರದ ಮರಳಿನ ಹಾಗೆ ಒಂದೇ ಸಮ ಇಳಿಯಬೇಕು. ಕೆಳಗಿನಿಂದ ಟೇಪು ಅಂಟಿಸಿ ಅರ್ಧದಷ್ಟು ತೂತು ಮುಚ್ಚಿದೆ. ಕುದಿ ನಿಂತಿತು. ಆದರೆ ಗೋಡೆಗೆ ತಾಗಿದ ಒಂದು ಬೆರಳಗಲ ಜಾಗದಲ್ಲಿ ರಾಗಿ ಅಲ್ಲಾಡಲೇ ಇಲ್ಲ. ಅಲ್ಲಿಯ ಟೇಪು ಬಿಡಿಸಿ, ಅಂಚಿನ ಸಾಲಿನ ತೂತುಗಳನ್ನು ಮಾತ್ರ 2 ಮಿ.ಮೀ.ಗೆ ದೊಡ್ಡದು ಮಾಡಿದೆ. ಗೋಡೆ ಬದಿಯೂ ಇಳಿಯಲು ಶುರುವಾಯಿತು. ನಿಜವಾದ ಮಷಿನಿನ ಪ್ಲೇಟಿನಲ್ಲೂ ಹೊರ ಅಂಚಿನ ತೂತುಗಳು ಬೇರೆ ಅಳತೆಯವು. ಎಷ್ಟೋ ಸಲ ನೋಡಿದ್ದೆ, ಯಾಕೆ ಅಂತ ಅವತ್ತು ಅರ್ಥವಾಯಿತು.

ಆಮೇಲೆ ಸಂದಿನ ಆಟ. ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದೆ. ಸಂದು 8 ಮಿ.ಮೀ. ಇದ್ದಾಗ ಒಳಗೆ ಹೋಗುವ ರಾಗಿ ತೀರಾ ಕಡಿಮೆ, ಕಾಲಮ್ ಹೆಚ್ಚುಕಮ್ಮಿ ಖಾಲಿ. ಇಲ್ಲಿ ಸ್ಪ್ರೇ ಬಿಟ್ಟರೆ ಹನಿಗೆ ಪೆಲೆಟ್ ಸಿಗುವುದಿಲ್ಲ. ಕಾಲಮ್ ಗೋಡೆಗೆ ಬಡಿದು ಪದರ ಕಟ್ಟುತ್ತದೆ, ಇಲ್ಲವೇ ಗಾಳಿಯಲ್ಲೇ ಒಣಗಿ ಪುಡಿಯಾಗಿ ಫಿಲ್ಟರ್ ಬ್ಯಾಗ್ ಸೇರುತ್ತದೆ. 30 ಮಿ.ಮೀ.ಗೆ ಎತ್ತಿದರೆ ಎಲ್ಲ ಒಮ್ಮೆಲೇ ನುಗ್ಗುತ್ತದೆ. ಗಾಳಿಗೆ ಎತ್ತಲಾಗದೆ ತಡೆದು, ಆಮೇಲೆ ಗುಕ್ ಅಂತ ಒಂದು ಮುದ್ದೆಯಾಗಿ ಎಸೆಯುತ್ತದೆ. ಹೀಗೆ ಎಸೆದಾಗ ಒಂದರ ಹಿಂದೆ ಒಂದು ಅಡಗಿಕೊಳ್ಳುತ್ತದೆ. ಹೊರಗಿದ್ದದ್ದು ನೆನೆಯುತ್ತದೆ, ಒಳಗಿದ್ದದ್ದು ಒಣಗಿಯೇ ಇರುತ್ತದೆ. ನೆಂದ ಎರಡು ತಾಗಿದರೆ ಜೋಡಿ ಅಂಟಿಕೊಳ್ಳುತ್ತದೆ. 15ರಿಂದ 18 ಮಿ.ಮೀ. ನಡುವೆ ಕಾಲಮ್ ತುಂಬ ಒಂದೇ ಸಮನಾದ ಮಳೆ, ಆದರೆ ಕೆಳಗಿಂದ ಮೇಲಕ್ಕೆ. ಅದನ್ನು ಅರ್ಧ ಗಂಟೆ ಸುಮ್ನೆ ನೋಡುತ್ತ ಕೂತೆ. ಅಷ್ಟು ಚೆನ್ನಾಗಿತ್ತು.

ಕೊನೆಗೆ ಕಾಲಮ್ಮನ್ನು ಬೇಕಂತಲೇ ಓರೆ ಮಾಡಿದೆ. ಒಂದು ಬದಿ 18, ಇನ್ನೊಂದು ಬದಿ 12. ಎರಡೂ ಬದಿಯ ಗೋಡೆ ಪಕ್ಕ ಒಂದೊಂದು ಚಮಚ ಬಿಳಿ ರಾಗಿ ಇಟ್ಟು ಗಾಳಿ ಬಿಟ್ಟೆ. ಅಗಲದ ಬದಿಯದ್ದು 12 ಸೆಕೆಂಡಿನಲ್ಲಿ ಕಾರಂಜಿಯಲ್ಲಿ ಕಾಣಿಸಿತು. ಕಿರಿದಾದ ಬದಿಯದ್ದು ನಾಲ್ಕು ನಿಮಿಷ ಕಳೆದರೂ ಇಟ್ಟಲ್ಲೇ ಇತ್ತು. ವ್ಯಾಕ್ಯೂಮ್ ಕ್ಲೀನರ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಆ ಗುಡ್ಡೆ ಸ್ವಲ್ಪ ಕುಸಿದು ಒಂದಿಷ್ಟು ಒಳಗೆ ಹೋಯಿತು. ನಮ್ಮ ಮಷಿನಿನಲ್ಲೂ ಫಿಲ್ಟರ್ ಬ್ಯಾಗ್ ಕೊಡವುವಾಗ ಗಾಳಿ ನಿಂತು ಮತ್ತೆ ಬರುತ್ತದೆ. ಮಲಗಿದ ಪೆಲೆಟ್‌ಗಳಿಗೆ 12 ಮೈಕ್ರಾನ್ ಆದರೂ ಸಿಕ್ಕಿದ್ದು ಹೀಗೇ ಅಂತ ಹೊಳೆಯಿತು.

ಅರ್ಧ ಮಾದರಿಯ ಚಪ್ಪಟೆ ಗೋಡೆ ಕಾಳುಗಳನ್ನು ಸ್ವಲ್ಪ ತಡೆಯುತ್ತದೆ. ಹಾಗಾಗಿ ಇಲ್ಲಿಯ ಮಿ.ಮೀ. ಮತ್ತು ಸೆಕೆಂಡುಗಳನ್ನು ಹಾಗೇ ಮಷಿನಿಗೆ ಒಯ್ಯಬಾರದು. ಏನು ಹುಡುಕಬೇಕು ಅಂತ ಮಾತ್ರ ಇದು ತೋರಿಸಿತು.

ಬೌಲ್ ಬಿಚ್ಚಿದ ದಿನ

ಕಾಲಮ್ ಸಂದು ಅಳೆಯಲು ವರ್ನಿಯರ್ ತರುವ ಮೊದಲು ಕೈಯಲ್ಲಿ ಎಚ್‌ಪಿಎಲ್‌ಸಿ ವಯಲ್, ಅಂದರೆ ಲ್ಯಾಬಿನ ಪುಟ್ಟ ಗಾಜಿನ ಸೀಸೆ, ಇತ್ತು. ಅದರ ದಪ್ಪ 12 ಮಿ.ಮೀ. ಅದನ್ನೇ ಸಂದಿನಲ್ಲಿ ಸುತ್ತ ಉರುಳಿಸಿದೆ. ಮುಕ್ಕಾಲು ಸುತ್ತು ಸಲೀಸಾಗಿ ಹೋಯಿತು. ಅಣ್ಣ "ಮಲಗಿದೆ" ಅಂದಿದ್ದ ಬದಿಗೆ ಬಂದಾಗ ಸಿಕ್ಕಿಕೊಂಡಿತು. ವರ್ನಿಯರ್‌ನಲ್ಲಿ ನೋಡಿದರೆ ಒಂದು ಬದಿ 21, ಎದುರು ಬದಿ 11. ಕಾಲಮ್ ಹಿಡಿದಿರುವ ಮೂರು ತೋಳುಗಳಲ್ಲಿ ಒಂದು ಬಗ್ಗಿತ್ತು. ತೊಳೆಯುವಾಗ ಎಂದೋ ಬಡಿದಿರಬೇಕು. ನಾವು ಸಂದನ್ನು ಯಾವಾಗಲೂ ಕಿಟಕಿ ಎದುರಿನ ಒಂದೇ ಜಾಗದಲ್ಲಿ ಅಳೆಯುತ್ತಿದ್ದೆವು. ಬ್ಯಾಚ್ ರೆಕಾರ್ಡಿನಲ್ಲಿ ಪ್ರತಿ ಸಲವೂ 18 ಅಂತಲೇ ಬರೆದಿದೆ. ಆ ಜಾಗದಲ್ಲಿ ಅದು 18 ಇದ್ದದ್ದೂ ನಿಜ.

ಓರೆ ಸರಿ ಮಾಡಿದರೆ ಮುಗಿಯಿತು ಅಂದುಕೊಂಡೆ. ಅಣ್ಣ ಪ್ಲೇಟನ್ನೂ ತೆಗೆಯೋಣ ಅಂದರು. ಅದು ಒಳ್ಳೆಯದಾಯಿತು. ಪ್ಲೇಟಿನ ಮೇಲಿನ ಸ್ಟೀಲ್ ಬಲೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆವು. ಒಂದು ಕಡೆ ಅಂಗೈ ಅಗಲದ ಜಾಗದಲ್ಲಿ ಬೆಳಕೇ ದಾಟುತ್ತಿರಲಿಲ್ಲ. ಅಂಟದಿರಲಿ ಅಂತ ಕೋಟಿಂಗಿಗೆ ಸೇರಿಸುವ ಟಾಲ್ಕ್ ಪುಡಿ ಮತ್ತು ಪಾಲಿಮರ್ ಸೇರಿ ಬಲೆಯ ಕಣ್ಣುಗಳನ್ನು ಮುಚ್ಚಿದ್ದವು. ಸಂದು ಕಿರಿದಾಗಿದ್ದ ಬದಿಯೇ ಅದು. ಅಲ್ಲಿ ಪೆಲೆಟ್ ನಿಂತಿತು. ನಿಂತ ಕಡೆ ಒದ್ದೆ ಪುಡಿ ಕೂತಿತು. ಪುಡಿ ಕೂತಾಗ ಗಾಳಿ ಕಡಿಮೆಯಾಯಿತು. ಗಾಳಿ ಕಡಿಮೆಯಾದಾಗ ಇನ್ನಷ್ಟು ಪೆಲೆಟ್ ನಿಂತಿತು. ತೊಳೆದ ಮೇಲೆ ಒದ್ದೆ ಬಲೆ ಹೊಳೆಯುತ್ತದೆ, ಕಣ್ಣಿಗೆ ಸ್ವಚ್ಛ ಅನ್ನಿಸುತ್ತದೆ. ಒಣಗಿಸಿ ಬೆಳಕಿಗೆ ಹಿಡಿದರೆ ಮಾತ್ರ ಗೊತ್ತಾಗುವುದು.

ಬಲೆ ಬಿಡಿಸಲು ಬ್ರಷ್ ಹಾಕಿ ಉಜ್ಜಬೇಡಿ, ಎಳೆಗಳು ಸರಿದುಬಿಡುತ್ತವೆ. ಎಲ್30ಡಿ-55 ಕ್ಷಾರದಲ್ಲಿ ಕರಗುತ್ತದೆ. ಕರುಳಿನಲ್ಲಿ ಅದು ಕರಗುವುದೂ ಇದೇ ಗುಣದಿಂದ. ಬೆಚ್ಚಗಿನ ವಾಷಿಂಗ್ ಸೋಡಾ ನೀರಿನಲ್ಲಿ ಬಲೆಯನ್ನು ರಾತ್ರಿ ನೆನೆಸಿದೆವು. ಬೆಳಿಗ್ಗೆ ಪಾಲಿಮರ್ ಬಿಟ್ಟುಕೊಂಡಿತ್ತು, ಟಾಲ್ಕ್ ತಳದಲ್ಲಿ ಕೂತಿತ್ತು. ಆಮೇಲೆ ಅಲ್ಟ್ರಾಸಾನಿಕ್ ಬಾತ್, ಶುದ್ಧ ನೀರು, ಓವನ್.

ತೋಳನ್ನು ಪೀಣ್ಯದ ಪರಿಚಯದ ಲೇತ್ ಅಂಗಡಿಯಲ್ಲಿ ನೆಟ್ಟಗೆ ಮಾಡಿಸಿದೆ. ಅಲ್ಲೇ ನೈಲಾನಿನಲ್ಲಿ 18 ಮಿ.ಮೀ. ಎತ್ತರದ ಮೂರು ತುಂಡು ತಿರುಗಿಸಿಕೊಂಡು ಬಂದೆ. ಈಗ ಕಾಲಮ್ ಜೋಡಿಸುವಾಗ ಮೂರನ್ನೂ ಮೂರು ಕಡೆ ಇಟ್ಟು, ಅವುಗಳ ಮೇಲೆ ಕಾಲಮ್ ಕೂರಿಸಿ, ಬೋಲ್ಟ್ ಬಿಗಿದು, ಆಮೇಲೆ ತುಂಡುಗಳನ್ನು ತೆಗೆದು ಎಣಿಸಿ ಡಬ್ಬಿಗೆ ಹಾಕುತ್ತೇವೆ. ಎಣಿಸಲೇಬೇಕು. ಒಂದು ಒಳಗೆ ಉಳಿದರೆ ಬ್ಯಾಚ್ ಹಾಳು.

ಗನ್ ಕೂಡ ನಡುವಿನಿಂದ 3 ಮಿ.ಮೀ. ಸರಿದಿತ್ತು. ಅದನ್ನೂ ಕೂರಿಸಿದೆವು. ಕೊನೆಯದಾಗಿ, ಖಾಲಿ ಬೌಲಿನಲ್ಲಿ ಗಾಳಿ ಬಿಟ್ಟು, ಕಡ್ಡಿಗೆ ಕಟ್ಟಿದ ಒಂದು ಗೇಣು ಹತ್ತಿ ನೂಲನ್ನು ಬಲೆಯ ಮೇಲೆ ಎಂಟು ಕಡೆ ಹಿಡಿದು ನೋಡಿದೆವು. ಎಂಟೂ ಕಡೆ ನೂಲು ಒಂದೇ ಥರ ಎದ್ದು ನಿಂತಿತು. ರಿಪೇರಿಗೆ ಮೊದಲು ಇದನ್ನೇ ಮಾಡಿದಾಗ ಎರಡು ಕಡೆ ಅದು ಜೋತುಬಿದ್ದಿತ್ತು.

ಮತ್ತೆ ಬ್ಯಾಚ್

ಫಾರ್ಮುಲಾ ಮೊದಲಿನದೇ. ಪಾಲಿಮರ್ 100 ಭಾಗ, ಟಾಲ್ಕ್ 50, ಟ್ರೈಈಥೈಲ್ ಸಿಟ್ರೇಟ್ 10, ಒಟ್ಟು ಘನ ಶೇಕಡಾ 20. ಒಳಬರುವ ಗಾಳಿ 40 ಡಿಗ್ರಿ, ಪೆಲೆಟ್ ಉಷ್ಣತೆ 28. ಇದು 32ರ ಹತ್ತಿರ ಹೋದರೆ ನಮ್ಮಲ್ಲಿ ಅಂಟು ಶುರುವಾಗುತ್ತದೆ. ದ್ರವವನ್ನು ಹನಿಯಾಗಿ ಒಡೆಯುವ ಅಟಮೈಸಿಂಗ್ ಗಾಳಿ 1.5 ಬಾರ್. ಸ್ಪ್ರೇ ನಿಮಿಷಕ್ಕೆ 5 ಗ್ರಾಂನಿಂದ ಶುರು ಮಾಡಿ, ಮುಕ್ಕಾಲು ಗಂಟೆಯಲ್ಲಿ 10ಕ್ಕೆ ಏರಿಸಿದೆ. ಗಾಳಿ ಗಂಟೆಗೆ 120 ಘನ ಮೀಟರ್‌ನಿಂದ ಶುರುವಾಗಿ ಕೊನೆಗೆ 140. ಪೆಲೆಟ್ ಭಾರವಾಗುತ್ತ ಹೋದಂತೆ ಗಾಳಿಯೂ ಏರಬೇಕು. ಕಾರಂಜಿಯ ಎತ್ತರ ನೋಡಿಕೊಂಡೇ ಅದನ್ನು ಏರಿಸುವುದು ಅಣ್ಣನ ಪದ್ಧತಿ. ನನಗೂ ಅದೇ ಸರಿ ಅನ್ನಿಸುತ್ತದೆ.

ಫೆಬ್ರುವರಿಯ ಒಣ ಹವೆ. ಶುರುವಿನ ಹತ್ತು ನಿಮಿಷ ಪೆಲೆಟ್‌ಗಳು ಸ್ಟ್ಯಾಟಿಕ್ ಹಿಡಿದು ಗೋಡೆಗೆ ಅಂಟುತ್ತಿದ್ದವು. ಸ್ಪ್ರೇ ತೇವ ಸೇರಿದ ಮೇಲೆ ತಾನಾಗಿ ಬಿಟ್ಟಿತು.

ಮತ್ತೆ ಶೇಕಡಾ 28. ಮತ್ತೆ ಆಸಿಡ್, ಎರಡು ಗಂಟೆ. 200ರಲ್ಲಿ ಕಂದು ಬಂದಿದ್ದು 3. ಸರಾಸರಿ ನಷ್ಟ ಶೇಕಡಾ 4. ಫಾರ್ಮುಲಾದಲ್ಲಿ ಒಂದು ಗ್ರಾಂ ಬದಲಾಗಿರಲಿಲ್ಲ.

ಆ ಮೂರನ್ನು ಚಿಮಟಿಯಲ್ಲಿ ಎತ್ತಿ ಬೇರೆ ಇಟ್ಟೆ. ಮೂರೂ ಪಕ್ಕದವುಗಳಿಗಿಂತ ಸಣ್ಣವು. ಆಗ ಮನೆಯಲ್ಲಿ ಅಮ್ಮ ಮಾದರಿಯ ಮುಂದೆ ಕೂತು ಹೇಳಿದ ಮಾತು ನೆನಪಾಯಿತು. "ಸಣ್ಣ ಕಾಳೆಲ್ಲ ಮೇಲೆ ಮೇಲೆ ಹೋಗ್ತಿದೆ ನೋಡು, ಮೊರದಲ್ಲಿ ಕೇರಿದ ಹಾಗೆ." ಹೌದು. ಸಣ್ಣದು ಹಗುರ, ಎತ್ತರಕ್ಕೆ ಹಾರುತ್ತದೆ, ನಿಧಾನ ಇಳಿಯುತ್ತದೆ. ದಪ್ಪದ್ದು ಬೇಗ ಬಿದ್ದು ಬೇಗ ಸರದಿಗೆ ಬರುತ್ತದೆ. ನಾಲ್ಕು ಗಂಟೆ ಮುಗಿಯುವ ಹೊತ್ತಿಗೆ ದಪ್ಪದರ ಪದರ ದಪ್ಪ, ಸಣ್ಣದರದ್ದು ತೆಳು. ಗಾಳಿಯನ್ನೂ ಸಂದನ್ನೂ ಎಷ್ಟು ತಿದ್ದಿದರೂ ಇದು ಹೋಗುವುದಿಲ್ಲ. ಒಳಗೆ ಹಾಕುವ ಮೊದಲೇ ಜರಡಿ ಹಿಡಿಯಬೇಕು.

ಮುಂದಿನ ಬ್ಯಾಚಿಗೆ ಔಷಧಿ ಪದರ ಮುಗಿದ ಪೆಲೆಟ್‌ಗಳನ್ನು 16 ಮತ್ತು 20 ಮೆಶ್ ನಡುವೆ ಹಿಡಿದೆ. 20ರಿಂದ ಕೆಳಗೆ ಬಿದ್ದ ಸಣ್ಣವನ್ನು ತೆಗೆದಿಟ್ಟೆ. ಮೂರು ಬ್ಯಾಚ್ ಮಾಡಿದ್ದೇವೆ. ಕಂದು ಕ್ರಮವಾಗಿ 1, 0, 1. ಕಾಲಮ್ ಸಂದನ್ನು ಈಗ ಮೂರು ಜಾಗದಲ್ಲಿ ಅಳೆದು ಮೂರು ಅಂಕಿಯನ್ನೂ ಬರೆಯುತ್ತೇವೆ. ಬಲೆಯನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದು ರೆಕಾರ್ಡಿಗೆ ಅಂಟಿಸುತ್ತೇವೆ. ಮುಂದಿನ ತಿಂಗಳು ಇದೇ ಪೆಲೆಟ್ 18 ಇಂಚಿನ ಮಷಿನಿಗೆ ಹೋಗುತ್ತದೆ. ಅಲ್ಲಿಯ ಕಾಲಮ್ 9 ಇಂಚು ಅಗಲ, ಬೆಡ್ ಆಳ, ಸಂದನ್ನು ಬೇರೆಯೇ ಹುಡುಕಬೇಕು. ಹತ್ತಿ ನೂಲಿನ ಕಡ್ಡಿಯನ್ನು ಅಣ್ಣ ಆಗಲೇ ಉದ್ದದ್ದು ಮಾಡಿ ಇಟ್ಟಿದ್ದಾರೆ.